ನಾಲ್ಕು-ನಾಲ್ಕು-ಎರಡು ಮತ್ತು ಒಂದು ಮುಯ್ಯಿ

ಮಂಡ್ಯದ ನಮ್ಮ ಬೀದಿಯಲ್ಲಿ ಮೊನ್ನೆ ಯಾರದೋ ಮನೆಯ ಶಾಮಿಯಾನಕ್ಕೆ ಗುರುತು ಮಾಡಲು ಸುಣ್ಣದ ಪುಡಿಯ ಗೆರೆ ಎಳೆದಿದ್ದರು. ಇಬ್ಬನಿಗೆ ನೆನೆದ ಸುಣ್ಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಾಲು ತರಲು ಹೊರಟಿದ್ದವನು ಅಲ್ಲೇ ನಿಂತುಬಿಟ್ಟೆ. ಸುಣ್ಣ ಅಂದರೆ ನಿಮಗೆ ಗೋಡೆಯೋ ಎಲೆಯಡಿಕೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಮಳವಳ್ಳಿಯ ಮೈದಾನ, ಫುಟ್ಬಾಲು, ಮತ್ತು ಸ್ಕೂಟರ್ ಮೆಕ್ಯಾನಿಕ್ ಸಲೀಮಣ್ಣ.

ಆಗ ನಾನು ಮಳವಳ್ಳಿಯಲ್ಲಿ ಹೊಸ ಮೇಷ್ಟ್ರು. ಕಬಡ್ಡಿ, ವಾಲಿಬಾಲ್ ಅಂದರೆ ಪ್ರಾಣ ಬಿಡುವ ನಮ್ಮ ಸೀಮೆಯಲ್ಲಿ ಫುಟ್ಬಾಲ್ ತಂಡ ಕಟ್ಟಲು ಹೊರಟವನು ಸಲೀಮಣ್ಣನೊಬ್ಬನೇ. ಸಂಜೆ ಗ್ಯಾರೇಜಿನ ಬಾಗಿಲೆಳೆದು ಗ್ರೀಸ್ ಮೆತ್ತಿದ ಕೈಯಲ್ಲೇ ಮೈದಾನಕ್ಕೆ ಬರುತ್ತಿದ್ದ. ಓಡಲಾಗದ ನನ್ನನ್ನು ಗೋಲ್‌ಕೀಪರಾಗಿ ನಿಲ್ಲಿಸಿದ. ಎರಡು ಕಂಬದ ನಡುವಿನ ಜಾಗವನ್ನು ಅಡ್ಡಡ್ಡ ಚೆನ್ನಾಗಿ ತುಂಬುತ್ತಿದ್ದೆನಲ್ಲ, ಅದೊಂದೇ ನನ್ನ ಅರ್ಹತೆ. ಉಳಿದವರೆಲ್ಲ ಹೆಚ್ಚುಕಮ್ಮಿ ಸುತ್ತಲ ಹಳ್ಳಿಗಳ ಬೇಸಾಯಗಾರರು.

ಮದ್ದೂರಿನ ತಂಡದ ಕೈಲಿ ಸೋತು ಸೋತು ನಮಗೆ ಸಾಕುಸಾಕಾಗಿತ್ತು. ಇನ್ನೊಂದು ಸಲ ಸೋತರೆ ಮೈದಾನದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಎಲ್ಲರೂ ಹೇಳಿಬಿಟ್ಟರು. ಸಲೀಮಣ್ಣನಿಗೆ ಅನ್ನ ಸೇರಲಿಲ್ಲ. ತಂಡ ಒಡೆದರೆ ಸಂಜೆ ಹೊತ್ತು ಎಲ್ಲಿಗೆ ಹೋಗಲಿ ಎಂದು ನನ್ನನ್ನು ಕೇಳಿದ.

ಟೀವಿ ನೋಡಿ ನೋಡಿ ಕೊನೆಗೊಂದು ತೀರ್ಮಾನಕ್ಕೆ ಬಂದ: ತಪ್ಪು ಆಟಗಾರರದ್ದಲ್ಲ, ಫಾರ್ಮೇಷನ್ನಿನದು, ಅಂದರೆ ಹಿಂದೆ, ನಡುವೆ, ಮುಂದೆ ಎಷ್ಟೆಷ್ಟು ಜನ ನಿಲ್ಲಬೇಕೆಂಬ ಲೆಕ್ಕದ್ದು. ಮೊದಲು ನಾಲ್ಕು-ಮೂರು-ಮೂರು ಮಾಡಿದ. ಮುಂದಿನ ಮೂರು ಜಾಗಕ್ಕೆ ಎಲ್ಲರೂ ಬಂದು ನಿಂತರು. ಮೂರು-ಐದು-ಎರಡು ಮಾಡಿದ, ಹಿಂದೆ ನಾನೂ ಒಂದು ನಾಯಿಯೂ ಉಳಿದೆವು. ಕಡೆಗೆ ನಾಲ್ಕು-ನಾಲ್ಕು-ಎರಡು ಗಟ್ಟಿಯಾಯಿತು. ಗೊಂದಲವೇ ಬೇಡವೆಂದು ಸುಣ್ಣದ ಪುಡಿ ತಂದು ಒಬ್ಬೊಬ್ಬನ ಜಾಗಕ್ಕೂ ಗೆರೆ ಎಳೆದು, ಇದು ನಿನ್ನದು, ಅದು ಅವನದು ಎಂದು ಹಂಚಿಕೊಟ್ಟ.

ಕೆಟ್ಟದ್ದೇ ಅಲ್ಲಿ. ನಾಲೆ ಬಯಲಿನ ಬೇಸಾಯಗಾರನಿಗೆ ಗೆರೆ ಎಳೆದು ಜಾಗ ಕೊಟ್ಟರೆ ಅವನು ಅದನ್ನು ಫುಟ್ಬಾಲ್ ಅಂದುಕೊಳ್ಳುತ್ತಾನೆಯೇ? ಗೆರೆ ಅಂದರೆ ಬದು. ತನ್ನ ಗೆರೆಯೊಳಗೆ ಒಬ್ಬೊಬ್ಬನೂ ಹುಲಿ. ಚೆಂಡು ಒಂದು ಮಾರು ಆಚೆ ಉರುಳಿದರೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಲ್ಲುತ್ತಿದ್ದ. ಒಂದು ಸಂಜೆ ಅಭ್ಯಾಸದಲ್ಲಿ ಹಿಂದಿನ ಸಾಲಿನ ನಿಂಗರಾಜನ ಕಣ್ಣೆದುರೇ ಚೆಂಡು ಹಾದು ಬಂದು ಗೋಲಾಯಿತು. ಯಾಕೆ ತಡೆಯಲಿಲ್ಲ ಎಂದು ಸಲೀಮಣ್ಣ ಕೇಳಿದರೆ ಅವನ ಉತ್ತರ: "ಅದು ಸಿವಣ್ಣನ ಜಾಗ ಕಣಣ್ಣ. ಅವನ ಜಾಗಕ್ಕೆ ನಾನ್ಯಾಕೆ ಕಾಲಿಡ್ಲಿ? ಊರಲ್ಲಿರೋ ಬದಿನ ಜಗಳನೇ ಸಾಕಾಗ್ಯದೆ."

ಪಕ್ಕದಲ್ಲಿದ್ದ ಶಿವಣ್ಣ, ಊರಲ್ಲೂ ನಿಂಗರಾಜನ ಪಕ್ಕದ ಗದ್ದೆಯವನು, ರೇಗಿದ. "ನಾಟಿಗೆ ಮುಯ್ಯಾಳಾಗಿ ಬತ್ತೀಯಲ್ಲ, ಅವಾಗ ಯಾರ ಗದ್ದೆ ತುಳೀತೀಯ್ಲಾ?"

ಮುಯ್ಯಾಳು ಗೊತ್ತಲ್ಲ? ಇವತ್ತು ನೀನು ನನ್ನ ಗದ್ದೆಗೆ ಬಂದು ದುಡಿ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ, ಕೂಲಿಯ ಮಾತಿಲ್ಲ, ತೀರಿಸಬೇಕಾದ ಆ ಋಣವೇ ಮುಯ್ಯಿ. ಸಲೀಮಣ್ಣ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಚಪ್ಪಲಿ ಕಾಲಿನಲ್ಲಿ ಗೆರೆಗಳನ್ನೆಲ್ಲ ಅಳಿಸತೊಡಗಿದ. ನಾಲ್ಕು-ನಾಲ್ಕು-ಎರಡು ಹಾಗೇ ಇರಲಿ, ಆದರೆ ಚೆಂಡಿನ ಹಿಂದೆ ಒಬ್ಬ ಜಾಗ ಬಿಟ್ಟು ಹೋದರೆ ಪಕ್ಕದವನು ಆ ಜಾಗಕ್ಕೆ ಮುಯ್ಯಾಳು ಎಂದ. ಬೇರೆ ವಿವರಣೆ ಯಾರಿಗೂ ಬೇಕಾಗಲಿಲ್ಲ.

ಮದ್ದೂರಿನಲ್ಲಿ ಆಟ, ಹಿಂದಿನ ಸಾಲಿನಲ್ಲಿ ಸಲೀಮಣ್ಣನೂ ಇಳಿದಿದ್ದ. ನಿಂಗರಾಜ ಮುಂದಕ್ಕೋಡಿದರೆ ಶಿವಣ್ಣ ಹಿಂದಕ್ಕೆ, ಶಿವಣ್ಣ ಓಡಿದರೆ ಇನ್ನೊಬ್ಬ. ಒಂದು ಗೋಲು ಹೊಡೆದೇಬಿಟ್ಟೆವು. ನನಗೋ ಹುಮ್ಮಸ್ಸು ತಲೆಗೇರಿತು. ಇನ್ನೇನು ಆಟ ಮುಗಿಯಬೇಕು, ಆಗ ಗೋಲಿನ ಜಾಗ ಬಿಟ್ಟು ಮುಂದಕ್ಕೆ ನುಗ್ಗಿದೆ. ಚೆಂಡು ನನ್ನ ತಲೆಯ ಮೇಲಿಂದ ಹಾರಿತು. ಕೆಟ್ಟೆ ಅಂದುಕೊಂಡು ತಿರುಗಿದರೆ ಕಂಬಗಳ ನಡುವೆ ಸಲೀಮಣ್ಣ ನಿಂತಿದ್ದಾನೆ. ಚೆಂಡು ಅವನ ಮೂಗಿಗೇ ಬಡಿದು ಆಚೆ ಹೋಯಿತು. ಸೀಟಿ ಊದಿದರು, ಗೆದ್ದೆವು.

ಮೂಗಿನ ರಕ್ತವನ್ನು ಅಂಗಿಯಲ್ಲಿ ಒರೆಸಿಕೊಳ್ಳುತ್ತಲೇ ಅವನು ನಗುತ್ತಿದ್ದ. "ನಿಮ್ಮ ಜಾಗ ನಾನು ನೋಡ್ಕಂಡೆ ಮೇಷ್ಟ್ರೆ. ಮುಯ್ಯಿ ಅಂಗೇ ಅದೆ, ಮರೀಬ್ಯಾಡಿ."

ಮರೆಯಲಿಲ್ಲ. ಆದರೆ ತೀರಿಸುವುದು ಹೇಗೆ? ಆಮೇಲೆ ತಂಡ ವರ್ಷಾನುಗಟ್ಟಲೆ ನಡೆಯಿತು, ಆದರೂ ನನ್ನನ್ನು ಕಂಬ ದಾಟಲು ಅವನು ಬಿಡಲೇ ಇಲ್ಲ.

ಈಗ ಸಲೀಮಣ್ಣ ಕಾಲು ಮುರಿದುಕೊಂಡು ಮನೆಯಲ್ಲಿದ್ದಾನೆ. ಗ್ಯಾರೇಜು ಮಾತ್ರ ಒಂದು ದಿನವೂ ಮುಚ್ಚಿಲ್ಲ. ಟ್ರ್ಯಾಕ್ಟರ್ ರಿಪೇರಿ ಬಲ್ಲ ನಿಂಗರಾಜ ಬೆಳಿಗ್ಗೆ ಬಂದು ಕೈಲಾದದ್ದು ಮಾಡುತ್ತಾನೆ, ಮಧ್ಯಾಹ್ನ ಶಿವಣ್ಣ ಪಂಚರ್ ಹಾಕುತ್ತಾನೆ. ಭಾನುವಾರ ನನ್ನ ಸರದಿ. ಮಂಡ್ಯದಿಂದ ಮೊದಲ ಬಸ್ಸು ಹಿಡಿಯುತ್ತೇನೆ. ಪ್ಲಗ್ಗು ಯಾವುದು, ಕಾರ್ಬೊರೇಟರ್ ಯಾವುದು ನನಗೆ ತಿಳಿಯದು. ಗಾಡಿ ಕೀ ಇಸಿದುಕೊಂಡು "ನಾಳೆ ಬನ್ನಿ" ಎನ್ನುವುದಷ್ಟೇ ನನ್ನ ಕೆಲಸ.

ಮೊನ್ನೆ ಭಾನುವಾರ ಗ್ಯಾರೇಜಿನಲ್ಲಿದ್ದಾಗ ಸಲೀಮಣ್ಣ ಫೋನ್ ಮಾಡಿದ. ಯಾರು ಯಾರು ಬಂದರು ಎಂದೆಲ್ಲ ಕೇಳಿದ. "ಜಾಗ ಬುಟ್ಟು ಮುಂದಕ್ಕೆ ಓಡ್ಬ್ಯಾಡಿ ಮೇಷ್ಟ್ರೆ," ಎಂದ. "ಈ ಸಲ ಇಂದ್ಗಡೆ ನಾನಿಲ್ಲ."

ಊಟಕ್ಕೂ ಏಳದೆ, ಬಾಗಿಲು ಹಾಕುವ ಹೊತ್ತಿನ ತನಕ ಅವನ ಸ್ಟೂಲಿನ ಮೇಲೇ ಕೂತಿದ್ದೆ.