ಕಾರ್ಡಿನಲ್ಲಿ ಕಳೆದುಕೊಂಡ ಮಂತ್ರಿ

ಕಳೆದ ಭಾನುವಾರ ಗವಿಪುರಂನಲ್ಲಿ, ಶ್ರೀಪತಿ ಮೇಷ್ಟ್ರ ಮಗಳು ವಸುಧಾ ಒಂದು ಕಟ್ಟು ಅಂಚೆ ಕಾರ್ಡುಗಳನ್ನು ನನ್ನ ಕೈಗಿಟ್ಟರು. ಮೇಷ್ಟ್ರು ತೀರಿಕೊಂಡು ವರ್ಷಗಳಾದವು. "ಅಪ್ಪನ ಚೆಸ್ ಕಾರ್ಡು. ನಿಮಗಲ್ದೆ ಇನ್ಯಾರಿಗೆ ಬೇಕು, ತಗೊಳಿ." ನುಸಿಗುಳಿಗೆಯ ವಾಸನೆ, ಹಂಗೆರಿಯ ಅಂಚೆಚೀಟಿ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಏಕೆಂದು ಹೇಳುತ್ತೇನೆ, ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ, ನಾನೇ ನಂಬುವುದಿಲ್ಲ. ಎಂ.ಎ. ಓದುವಾಗ ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೇಷ್ಟ್ರು ಹವ್ಯಾಸಿಗಳ ಅಂತರರಾಷ್ಟ್ರೀಯ ಅಂಚೆ ಚದುರಂಗದಲ್ಲಿ ಆಡುತ್ತಿದ್ದರು. ಎದುರಾಳಿ ಹಂಗೆರಿಯ ಒಬ್ಬ ರೈಲ್ವೆ ಗುಮಾಸ್ತ. ಒಂದು ಕಾರ್ಡಿಗೆ ಒಂದು ನಡೆ; ಉತ್ತರ ಬರುವಷ್ಟರಲ್ಲಿ ಮನೆಯ ಒಂದು ಜಾಡಿ ಉಪ್ಪಿನಕಾಯಿ ತಳ ಕಾಣುತ್ತಿತ್ತು. ಭಾಷೆಯ ಗೊಡವೆ ಬೇಡವೆಂದು ಮಣೆಯ ಪ್ರತಿ ಚೌಕಕ್ಕೂ ಎರಡಂಕಿಯ ಸಂಖ್ಯೆ. ಇನ್ನೊಂದು ಪದ್ಧತಿಯೂ ಇತ್ತು. ದಿನ ಉಳಿಸಲು, ನೀವು ಹೀಗೆ ನಡೆಸಿದರೆ ನನ್ನದು ಹೀಗೆ ಎಂದು ಮೊದಲೇ ಬರೆದು ಕಳಿಸಬಹುದು. ಅಂಚೆಗೆ ಬಿದ್ದ ಮೇಲೆ ಅದನ್ನು ಹಿಂತೆಗೆಯುವಂತಿಲ್ಲ.

ಮೇಷ್ಟ್ರ ಕೈ ನಡುಗುತ್ತಿದ್ದುದರಿಂದ ಕಾರ್ಡು ಬರೆಯುವುದು ನನ್ನ ಕೆಲಸ. ದೊಡ್ಡ ವಿದ್ವಾಂಸನ ಗತ್ತಿನಲ್ಲೇ ಬರೆಯುತ್ತಿದ್ದೆ. ಒಂದು ಸಂಜೆ ಅವರು ನಡೆ ಹೇಳಿ ಮುಗಿಸಿ, ಮಣೆಯನ್ನೇ ನೋಡುತ್ತ, "ಅವ್ನು ಒಂಟೆ ತಂದ್ರೆ ಕುದುರೇಲಿ ಹೊಡೀತೀನಿ" ಅಂದರು. ನಾನು ಅದನ್ನೂ ಬರೆದು, ಚಾಮರಾಜಪೇಟೆಯ ಡಬ್ಬಿಗೆ ಹಾಕಿ ಬಂದೆ.

ಮರುದಿನ ಬೆಳಿಗ್ಗೆ ಮೆಟ್ಟಿಲ ಕೆಳಗಿನಿಂದಲೇ ಕೂಗಿದರು.

"ಏನಯ್ಯಾ, ಕುದುರೆ ವಿಷ್ಯ ಬರೀಲಿಲ್ಲ ತಾನೆ? ಅದು ಕದಲಿದ್ರೆ ಮಂತ್ರಿ ಹೋಗತ್ತೆ!"

"ನೀವೇ ಬರಿ ಅಂದ್ರಲ್ಲ ಸಾರ್."

"ಅಂದ್ನಾ?"

"ಅಂದ್ರಿ."

"ಹಾಗಾದ್ರೆ ಅಂದಿರ್ಬೇಕು. ಎಪ್ಪತ್ತಾಯ್ತಲ್ಲ, ತಲೆ ಎಲ್ಲಿರತ್ತೋ," ಎಂದು ಒಳಗೆ ಹೋದರು.

ಹಂಗೆರಿಯವನು ಒಂಟೆ ತಂದ. ಮಂತ್ರಿ ಹೋಯಿತು, ಆಟವೂ ಹೋಯಿತು. ಗೆದ್ದಿದ್ದರೆ ಮೇಷ್ಟ್ರು ಮುಂದಿನ ಸುತ್ತಿಗೆ ಏರುತ್ತಿದ್ದರು. ಆಮೇಲೆ ಅವರು ಯಾವ ಪಂದ್ಯಕ್ಕೂ ಹೆಸರು ಕೊಡಲಿಲ್ಲ. ನಾನು ಮಾತ್ರ ಈ ಕಥೆಯನ್ನು ಹೇಳಿ ಎಷ್ಟೋ ಸ್ನೇಹಿತರನ್ನು ನಗಿಸಿದ್ದೇನೆ. ಪ್ರತಿ ಸಲ ಹೇಳಿದಾಗಲೂ "ಬರಿ" ಎಂಬ ಅವರ ದನಿ ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ನನ್ನ ಅನುಮಾನಕ್ಕೆ ಅದೇ ಕಾರಣ.

ಕಟ್ಟಿನಲ್ಲಿ ನಾನು ಕಂಡಿರದ ಒಂದು ಕಾರ್ಡಿತ್ತು. ಹಂಗೆರಿಯವನು ತಡವರಿಸುವ ಇಂಗ್ಲಿಷಿನಲ್ಲಿ ಬರೆದಿದ್ದ: ಕಾರ್ಡಿನ ಬರಹ, ಸಹಿ ಒಂದೇ ಕೈಯದಲ್ಲ; ಬರೆದುಕೊಟ್ಟವರು ತಪ್ಪಿರಬಹುದು; ಹಾಗಿದ್ದರೆ ತಿಳಿಸಿ, ಕುದುರೆಯ ನಡೆಯನ್ನು ಬಿಟ್ಟುಬಿಡೋಣ. ಅಂಚಿನಲ್ಲಿ ಮೇಷ್ಟ್ರ ನಡುಗುವ ಪೆನ್ಸಿಲಿನಲ್ಲಿ ಉತ್ತರದ ಕರಡು, ಕನ್ನಡದಲ್ಲಿ: "ಬರೆದವನದು ತಪ್ಪಿಲ್ಲ. ಹೇಳಿದ್ದು ನಾನೇ. ಆಟ ಮುಂದುವರಿಯಲಿ."

ನನ್ನ "ಅಂದ್ರಿ"ಯನ್ನು ಅವರು ನಂಬಿದ್ದರು.

"ಅಪ್ಪ ಏನು ಬರ್ದಿದಾರೆ?" ವಸುಧಾ ಕೇಳಿದರು. ಓದಿ ಹೇಳಿದೆ.

"ನೋಡಿ, ನಿಮ್ದೇನೂ ತಪ್ಪಿಲ್ವಲ್ಲ," ಎಂದು ನಕ್ಕರು.

"ಅವ್ರು ಬರಿ ಅನ್ಲಿಲ್ಲ ಅನ್ಸತ್ತೆ," ಅಂದೆ.

ಅವರ ನಗು ನಿಂತಿತು. ಆ "ಅನ್ಸತ್ತೆ"ಯ ಹಿಂದೆ ಇನ್ನೂ ಎಷ್ಟು ವರ್ಷ ಅಡಗಿ ಕೂರಲಿ? ಎದ್ದು ನಿಂತು ಮತ್ತೊಮ್ಮೆ ಹೇಳಿದೆ:

"ಅನ್ಲಿಲ್ಲ."