ತುಪ್ಪಕ್ಕೆ ಬಿದ್ದ ಜೋಡಿಗಳು

ನಾಲ್ಕು ಡಬ್ಬಿ ತುಪ್ಪ, ಒಂದು ಮೂಟೆ ಕಡಲೆಕಾಯಿ, ನನ್ನ ಹೆಂಡತಿಯ ತಮ್ಮನ ಬಲಭುಜ. ಅವನು ಗೆಲ್ಲುವವನ ಹಾಗೆ ಕಾಣಲಿ ಎಂದು ನಾನು ಮಾಡಿದ ಖರ್ಚು ಇಷ್ಟು. ಮೊದಲೆರಡು ನನ್ನವು. ಭುಜ ಅವನದು, ಅವನನ್ನು ಕೇಳದೆಯೇ ಖರ್ಚು ಮಾಡಿಬಿಟ್ಟೆ.

ಆಗ ಮಧುಗಿರಿಯಲ್ಲಿ ನನ್ನದು ಹುಣಸೆಹಣ್ಣಿನ ಮಂಡಿ. ತಲೆಯ ಮೇಲೆ ಹೊತ್ತು ಮಾರುತ್ತ ಮೇಲೆ ಬಂದವನು. ಚೌಕಾಸಿಗೆ ಕೂತರೆ ಯಾರನ್ನಾದರೂ ಒಪ್ಪಿಸಬಲ್ಲೆ ಎಂಬ ಜಂಭವಿತ್ತು. ಬಾಮೈದ ಊರಿನ ಗರಡಿಯಲ್ಲಿ ಕುಸ್ತಿ ಕಲಿಯುತ್ತಿದ್ದ. ಅಲ್ಲಿಯ ಉಸ್ತಾದರಿಗೆ ವಯಸ್ಸಾಗಿತ್ತು. "ಮಹಾರಾಜರ ವರ್ಧಂತಿಗೆ ಸಿರಾದಾಗೆ ಕುಸ್ತಿ ಐತೆ. ಗೆದ್ದು ಬಾ, ಗರಡಿ ನಿನ್ ಕೈಗೆ ಕೊಡ್ತೀನಿ" ಅಂದಿದ್ದರು. ಬಾಮೈದನಿಗೆ ಅದು ಬಿಟ್ಟು ಬೇರೆ ಆಸೆಯೇ ಇರಲಿಲ್ಲ.

ಉಸ್ತಾದರು ಅಭ್ಯಾಸಕ್ಕೆಂದು ದಿನಕ್ಕೊಬ್ಬ ಜೋಡಿಯನ್ನು, ಎಂದರೆ ಗರಡಿಯದೇ ಒಬ್ಬ ಎದುರಾಳಿಯನ್ನು, ನಿಲ್ಲಿಸುತ್ತಿದ್ದರು. ಇವತ್ತು ಕುಳ್ಳ, ನಾಳೆ ಉದ್ದನೆಯವನು, ನಾಡಿದ್ದು ಎಡಚ. ಒಂದೇ ಪಟ್ಟನ್ನು ಸಾಲಾಗಿ ಹಾಕಲು ಬಿಡುತ್ತಿರಲಿಲ್ಲ. ಬಾಮೈದ ಕೆಡವಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಸಂತೆಯಲ್ಲಿ ದಲ್ಲಾಳಿಯೊಬ್ಬ ಎಲ್ಲರಿಗೂ ಕೇಳುವ ಹಾಗೆ ಅಂದ: "ಏನ್ ಸಾವ್ಕಾರ್ರೆ, ನಿಮ್ ಬಾಮೈದ ಗರಡಿ ಮಣ್ಣೆಲ್ಲಾ ಬೆನ್ನಾಗೇ ಮನೆಗ್ ಸಾಗಿಸ್ತಾವ್ನಂತೆ?"

ಸಂತೆಯವರೆಲ್ಲ ನಕ್ಕರು. ಆ ಅವಮಾನ ನನಗೆ ತಡೆಯಲಾಗಲಿಲ್ಲ. ಉಸ್ತಾದರು ಪಾವಗಡಕ್ಕೆ, ಮಗಳ ಮನೆಗೆ ಹೋಗಿದ್ದಾಗ ಜೋಡಿಗಳನ್ನು ಒಬ್ಬೊಬ್ಬರಾಗಿ ಮಂಡಿಗೆ ಕರೆಸಿದೆ. ಬಾಮೈದನಿಗೆ ಇಷ್ಟವಾದ ಪಟ್ಟು ಒಂದಿತ್ತು: ಎದುರಾಳಿಯ ಕೈ ಹಿಡಿದು, ಸೊಂಟ ಕೊಟ್ಟು, ಅಗಸ ಬಟ್ಟೆ ಒಗೆಯುವ ಹಾಗೆ ಹೆಗಲ ಮೇಲಿಂದ ಒಗೆಯುವುದು.

"ಅವ್ನು ಕೈ ಹಿಡಿದ್ರೆ ಹಗೂರಾಗಿ ಬಂದ್ಬುಡ್ರಪ್ಪ" ಅಂದು ತುಪ್ಪದ ಡಬ್ಬಿ ಮುಂದಿಟ್ಟೆ.

"ಬೆನ್ನು ನಮ್ದಲ್ವಾ? ತುಪ್ಪದ್ ಜೊತೆ ಕಡ್ಲೆಕಾಯೂ ಸೇರಿಸ್ಬುಡಿ" ಅಂದ ಒಬ್ಬ. ಸೇರಿಸಿದೆ.

ಆಮೇಲೆ ದಿನವೂ ಅದೇ ಪಟ್ಟು. ಎಲ್ಲರೂ ಬೀಳುವವರೇ. ಬಾಮೈದ ಎದೆ ಸೆಟೆಸಿ ನಡೆಯತೊಡಗಿದ, ನಾನೂ. ಉಸ್ತಾದರು ಮರಳಿ ಬಂದ ದಿನ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಇವ್ರು ಬೀಳ್ತಾವ್ರೋ, ಇಲ್ಲಾ ಮಲಿಕ್ಕೊಳ್ತಾವ್ರೋ?" ನಾನು ನಕ್ಕು ಮಾತು ಹಾರಿಸಿದೆ. ವರ್ಧಂತಿಗೆ ಇನ್ನು ನಾಲ್ಕೇ ದಿನವಿತ್ತು.

ಕುಸ್ತಿಯ ದಿನ ಸಿರಾದ ಜಟ್ಟಿ ಕೈಯನ್ನೇ ಕೊಡಲಿಲ್ಲ. ಬಗ್ಗಿ ನಿಂತು ಕಾದ. ಬಾಮೈದ ಬೇರೇನನ್ನೂ ಹುಡುಕಲಿಲ್ಲ, ಹೇಗೋ ಕೈ ಹಿಡಿದು ತಿರುಗಿದ. ಆ ಮನುಷ್ಯ ಹಗುರಾಗಲಿಲ್ಲ, ಹಿಂದಕ್ಕೆ ಜಗ್ಗಿದ. ಸೊಂಟದ ಮೇಲೆ ಬರಬೇಕಾದ ಭಾರವೆಲ್ಲ ಭುಜಕ್ಕೆ ಬಂತು. ಎಲುಬು ಜಾರಿದ ಸದ್ದು ಮುಂದಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು.

ವಾಪಸು ಬರುವಾಗ ಗಾಡಿಯಲ್ಲಿ ಅವನು ಕೇಳಿದ್ದು ಒಂದೇ: "ನಮ್ಮೋರೆಲ್ಲಾ ಬೀಳ್ತಿದ್ರಲ್ಲ ಭಾವ, ಅವ್ನ್ ಯಾಕ್ ಬೀಳ್ಲಿಲ್ಲ?" ಎತ್ತುಗಳ ಕಡೆ ನೋಡುತ್ತ ಕೂತೆ.

ತಿಂಗಳಾದ ಮೇಲೆ ಜೋಡಿಗಳಲ್ಲೊಬ್ಬ ಬಾಯಿಬಿಟ್ಟ. ಬಾಮೈದ ಮಂಡಿಗೆ ಬಂದು, ಕೂಲಿಯವರೆದುರಿಗೇ, ದನಿ ಏರಿಸದೆ ಹೇಳಿದ: "ಬೀಳೋದು ನಂಗೆ ಅಭ್ಯಾಸ ಇತ್ತು ಭಾವ. ಬಿದ್ದು ಬಿದ್ದೇ ಕಲೀತಿದ್ದೆ. ಅದನ್ನ ನೀವು ಕೊಂಡ್ಕೊಂಬುಟ್ರಿ."

ಗರಡಿ ಬೇರೆಯವನ ಕೈಸೇರಿತು. ಬಾಮೈದನ ಬಲಗೈ ಕಿವಿಯಿಂದ ಮೇಲಕ್ಕೆ ಏಳಲೇ ಇಲ್ಲ. ಉಣ್ಣಲು ಎದುರು ಬದುರು ಕೂತಾಗ ಇವತ್ತಿಗೂ ನನ್ನ ತಲೆ ತಗ್ಗುತ್ತದೆ. ಅವನು ನೆಂಟನಾದ್ದರಿಂದ ಮಾತಾಡಿಸುತ್ತಾನೆ, ಅಷ್ಟೆ.

ನಿಮ್ಮ ಮನೆಯಲ್ಲೂ ಯಾರಾದರೂ ಕುಸ್ತಿಯೋ ಚೆಂಡಾಟವೋ ಕಲಿಯುತ್ತಿದ್ದರೆ ನನ್ನಿಂದ ಇಷ್ಟು ಕೇಳಿಕೊಳ್ಳಿ. ಹೇಳಿದಂತೆ ಕೇಳುವ ಜೋಡಿಯನ್ನು ಹುಡುಕಬೇಡಿ. ಮೊದಲ ನಾಲ್ಕು ದಿನ ಪಟ್ಟಿನ ದಾರಿ ತಿಳಿಯುವವರೆಗೆ ಅವನು ಸಡಿಲ ಬಿಡಲಿ, ಸಾಕು, ಆಮೇಲೆ ಜಗ್ಗಲಿ. ಆಳು ಬದಲಾಗಲಿ, ಪಟ್ಟುಗಳು ಬೆರೆತು ಬರಲಿ. ನೋಡಲು ಚೆಂದವಿರುವುದಿಲ್ಲ, ಆದ್ದರಿಂದ ನೀವು ಅಲ್ಲಿ ಹೋಗಿ ಕೂರಬೇಡಿ. ಮನೆಗೆ ಬಂದವನನ್ನು ಎಷ್ಟು ಜನರನ್ನು ಕೆಡವಿದೆ ಎಂದು ಕೇಳಬೇಡಿ. ಇವತ್ತು ಯಾವ ಪಟ್ಟು ಕೈಕೊಟ್ಟಿತು ಎಂದು ಕೇಳಿ, ನಾಳೆ ಅಲ್ಲಿಂದಲೇ ಶುರುಮಾಡಿಸಿ.