ಲೋಮೆಯ ಸಂತೆಯಲ್ಲೊಂದು ಅರ್ಚನೆ

ಭಾಗೀರಥಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು? ಮೈಸೂರಿನವಳು, ಸಿಡ್ನಿಯ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ. ಮದುವೆಯ ಗೋಜಿಗೇ ಹೋಗದೆ ಸ್ಟೇಷನ್ ಹತ್ತಿರದ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಾಳೆ. ಅವಳನ್ನು ಕಂಡರೆ ನನ್ನ ಮಗಳು ಅಪೇಕ್ಷಾಗೆ ಪ್ರಾಣ, ಅದೇ ನನ್ನ ಉರಿ. ಹನ್ನೊಂದು ವರ್ಷದ ಹುಡುಗಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ಅವಳ ಬಾಯಿಂದ ಕನ್ನಡದ ಒಂದು ಮಾತು ಬರಲಿ ಅಂತ ನಾನು ಬೇಡದ ದೇವರಿಲ್ಲ.

ಈ ವರ್ಷ, ಅಂದರೆ ತೊಂಬತ್ತಾರರಲ್ಲಿ, ಭಾಗೀರಥಿ ಮಲೇರಿಯಾ ತರಬೇತಿಗೆಂದು ಆಫ್ರಿಕಾದ ಟೋಗೋ ದೇಶಕ್ಕೆ ಹೋಗಿಬಂದಳು. ಸಿಡ್ನಿಯ ನಮ್ಮ ಕನ್ನಡದವರಲ್ಲಿ ಯಾರಾದರೂ ಪ್ರವಾಸದಿಂದ ಬಂದರೆ ಎಲ್ಲರಿಗೂ ಊಟ, ಆಮೇಲೆ ಗೋಡೆಯ ಮೇಲೆ ಸ್ಲೈಡ್ ಶೋ. ಅವಳ ಫ್ಲ್ಯಾಟು ಚಿಕ್ಕದು ಅಂತ ಊಟ ನಮ್ಮನೆಯಲ್ಲಿ. ಬಿಸಿಬೇಳೆಭಾತು ಮಾಡಿದ್ದೂ ನಾನೇ! ಹೋದ ವರ್ಷ ನನ್ನ ನ್ಯೂಜಿಲೆಂಡ್ ಸ್ಲೈಡುಗಳ ಮಧ್ಯೆ ಅಪೇಕ್ಷಾ ಎದ್ದು ಟಿವಿ ರೂಮಿಗೆ ಹೋಗಿದ್ದಳು. ಭಾಗೀರಥಿಯ ಹತ್ತಿರವೋ ಒಂದು ಸ್ಲೈಡೂ ಇರಲಿಲ್ಲ.

"ಫೋಟೋ ಎಲ್ಲಿ ಭಾಗೀರಥಿ? ಹೋಗಿದ್ದು ನಿಜ ತಾನೇ?" ಎಂದು ಚುಚ್ಚಿದೆ.

"ತೆಗೀಬಹುದಾ ಅಂತ ಕೇಳಿದೆ ವಿಜಯಾ, ಬೇಡ ಅಂದ್ರು. ಅವರ ದೇವರ ಜಾಗ ಅಲ್ವಾ, ಕ್ಯಾಮೆರಾ ಬ್ಯಾಗಲ್ಲೇ ಇಟ್ಟೆ," ಎಂದಳು ತಣ್ಣಗೆ.

ಅಲ್ಲಿನ ರಾಜಧಾನಿ ಲೋಮೆಯಲ್ಲಿ ವೋಡೂನ್ ದೇವರುಗಳನ್ನು ನಂಬುವವರ ಸಂತೆಯಂತೆ. ಮೇಜುಗಳ ಮೇಲೆ ಒಣಗಿದ ಓತಿಕ್ಯಾತ, ಹಕ್ಕಿ, ಮಂಗನ ತಲೆಬುರುಡೆ, ಬೇರು. ಕಾಯಿಲೆಗೆ ಮದ್ದು, ಪ್ರಯಾಣಕ್ಕೆ ತಾಯತ. ಜೊತೆಗಿದ್ದವರು ಮೂಗು ಮುಚ್ಚಿಕೊಂಡರಂತೆ. ಇವಳು ಚಪ್ಪಲಿ ಬಿಟ್ಟು, ಅಪ್ಪಣೆ ಕೇಳಿ ಪೂಜಾರಿಯ ಗುಡಿಸಲಿನೊಳಗೆ ಹೋದಳಂತೆ. ನನ್ನ ಗಂಡ ಗೋಪೀನಾಥ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅಪೇಕ್ಷಾ ಅವಳ ಕಾಲ ಬಳಿ ಕಾರ್ಪೆಟ್ಟಿನ ಮೇಲೆ ಕೂತಿದ್ದಳು. ಇವತ್ತು ಟಿವಿ ಬೇಡವಾಯಿತು ನೋಡಿ!

"ತಾಯತ ಮಂತ್ರಿಸೋಕೆ ಯಾರ ಹೆಸರಲ್ಲಿ ಅಂತ ಕೇಳಿದ್ರು," ಭಾಗೀರಥಿ ನಕ್ಕಳು. "ಇಲ್ಲಿ ನಮ್ಮ ಹೆಲೆನ್ಸ್‌ಬರ್ಗ್ ದೇವಸ್ಥಾನದಲ್ಲಿ ಅರ್ಚನೆಗೆ ನಿಂತ ಹಾಗೆ ಬಾಯಿಗೆ ಬಂದ್ಬಿಡ್ತು. ಗೋತ್ರ, ನಕ್ಷತ್ರ, ರಾಶಿ, ಎಲ್ಲಾ! ಗೈಡು ತಬ್ಬಿಬ್ಬು. ಆ ಪೂಜಾರಿ ತಾತ ಮಾತ್ರ ಒಂದೂ ಬಿಡದೆ ಹೇಳಿ ಗಂಟೆ ಬಾರಿಸಿದ್ರು. ಭಾರದ್ವಾಜ ಅನ್ನೋಕೆ ಒದ್ದಾಡಿದ್ರು, ಪಾಪ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಅವಳದು ಕಾಶ್ಯಪ ಗೋತ್ರ. ಭಾರದ್ವಾಜ ನಮ್ಮದು.

"ಯಾರ ಹೆಸರಲ್ಲಿ ಮಾಡಿಸಿದ್ರಿ?" ಗೋಪೀನಾಥ ಕೇಳಿದರು.

"ಅಪೇಕ್ಷಾ ಹೆಸರಲ್ಲಿ. ಹೆರಿಗೆ ದಿನ ವಿಜಯಾ ಜೊತೆಗಿದ್ದೋಳು ನಾನೇ ಅಲ್ವಾ, ಸ್ವಾತಿ ನಕ್ಷತ್ರ ಹೇಗೆ ಮರೀಲಿ?" ಎಂದು ಪುಟ್ಟ ಚರ್ಮದ ತಾಯತವನ್ನು ಹುಡುಗಿಯ ಅಂಗೈಗೆ ಹಾಕಿದಳು.

ಮೈಯೆಲ್ಲ ಉರಿದುಹೋಯಿತು. ಹೆತ್ತವಳು ನಾನು, ಹರಕೆ ಹೊತ್ತು ಸಾಕಿದವಳು ನಾನು! ಇವಳ್ಯಾರು ನನ್ನ ಮಗಳ ಹೆಸರು ಹೇಳೋಕೆ?

"ನಮಗೆ ಅದೆಲ್ಲ ಬೇಡ. ವಾಪಸ್ ಕೊಡು ಅಪೇಕ್ಷಾ," ಎಂದೆ.

ಹುಡುಗಿ ಮುಷ್ಟಿ ಬಿಗಿಹಿಡಿದಳು. ನನ್ನ ಕಡೆ ತಿರುಗಲೂ ಇಲ್ಲ. ಭಾಗೀರಥಿಯ ಮುಖ ನೋಡುತ್ತ, ತಡವರಿಸುತ್ತ, ಕನ್ನಡದಲ್ಲಿ ಕೇಳಿದಳು: "ಆಂಟಿ, ಆ ತಾತ... ನನ್ನ ಹೆಸರು ಸರಿಯಾಗಿ ಹೇಳಿದ್ರಾ?"

"ಹೇಳಿದ್ರು ಪುಟ್ಟಾ," ಎಂದು ಅವಳು ನನ್ನ ಮಗಳ ತಲೆ ಸವರಿದಳು. ನಾನು ಎದ್ದು ಪಾತ್ರೆ ತೊಳೆಯಲು ಹೋದೆ.